ಹಲ್ಲು ತಪ್ಪಿದ ಕ್ಯಾಮ್, ಲೆಕ್ಕ ತಪ್ಪಿದ ಗ್ಯಾರೇಜು

ಹೆಡ್ ಗ್ಯಾಸ್ಕೆಟ್ ಬದಲಿಸಿಕೊಂಡು ಬಂದ ಕಾರು ಮೊದಲಿನಂತೆ ಎಳೆಯುವುದಿಲ್ಲ, ನಿಂತಲ್ಲಿ ನಡುಗುತ್ತದೆ, ಎಚ್ಚರಿಕೆಯ ದೀಪ ಬೇರೆ. ಇಂಥ ಅನುಭವ ನಿಮಗೂ ಆಗಿರಬಹುದು. ನನಗಾದಾಗ ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿದರು. ಪಿ0016 ಎಂಬ ಸಂಕೇತ ಬಂತು. ಕ್ಯಾಮ್ ಸಂವೇದಕ ಬದಲಿಸಿದರು, ದೀಪ ಆರಲಿಲ್ಲ. ಕ್ರ್ಯಾಂಕ್ ಸಂವೇದಕವನ್ನೂ ಬದಲಿಸಿದರು. ಕೊನೆಗೆ, ‘ಹೆಡ್ ಫೇಸಿಂಗ್ ಮಾಡಿಸಿದ್ದೀವಲ್ಲ ಸಾರ್, ಅದಕ್ಕೇ ಟೈಮಿಂಗ್ ಹೋಗಿದೆ’ ಎಂದರು.

ಆ ಸಂಕೇತ ಯಾವ ಭಾಗವನ್ನೂ ದೂರುವುದಿಲ್ಲ. ಕ್ರ್ಯಾಂಕ್ ಮತ್ತು ಕ್ಯಾಮ್‌ಗಳಿಂದ ಬರುವ ಸ್ಪಂದಗಳ ನಡುವಣ ಕೋನ ಇರಬೇಕಾದಷ್ಟಿಲ್ಲ ಎಂದಷ್ಟೇ ಅದರ ಅರ್ಥ. ಸರಪಳಿ ಹಲ್ಲು ಹಾರಿರಬಹುದು, ಸವೆದು ಉದ್ದವಾಗಿರಬಹುದು. ಸಂವೇದಕ ಸತ್ತೇಹೋಗಿದ್ದರೆ ಸಾಮಾನ್ಯವಾಗಿ ಬೇರೆ ಸಂಕೇತ ಬರುತ್ತದೆ.

ಫೇಸಿಂಗ್ ವಾದವನ್ನು ಲೆಕ್ಕ ಹಾಕಿ ನೋಡೋಣ. ಕ್ಯಾಮ್ ಸ್ಪ್ರಾಕೆಟ್‌ಗೆ 40 ಹಲ್ಲು, ತ್ರಿಜ್ಯ 60 ಮಿ.ಮೀ. ಎನ್ನೋಣ. ಹೆಡ್ಡಿನಿಂದ 0.3 ಮಿ.ಮೀ. ತೆಗೆದರೆ ಕ್ಯಾಮ್ ಹಿಂದೆ ಬೀಳುವುದು 0.3/60 ರೇಡಿಯನ್, ಸುಮಾರು 0.3 ಡಿಗ್ರಿ. ಕ್ಯಾಮ್ ಒಂದು ಸುತ್ತು ಬರುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತುವುದರಿಂದ ಅದರ ಲೆಕ್ಕದಲ್ಲಿ 0.6 ಡಿಗ್ರಿ. ಒಂದೇ ಹಲ್ಲು ತಪ್ಪಿದರೆ? 18 ಡಿಗ್ರಿ! ಮೂವತ್ತು ಪಟ್ಟು.

ಬಿಚ್ಚುವ ಮೊದಲು ಅಳೆಯಬೇಕಿತ್ತು. ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಒಂದೇ ಸಮನೆ ಕಡಿಮೆಯಿದ್ದರೆ ಕ್ಯಾಮ್ ಮೇಲೆ ಅನುಮಾನ, ಒಂದರಲ್ಲಿ ಮಾತ್ರವಾದರೆ ಕವಾಟ ಅಥವಾ ರಿಂಗ್ ಮೇಲೆ. ನಿರ್ವಾತ ಮಾಪಕವೂ ನೆರವಾಗುತ್ತದೆ. ಆದರೆ ಕೈಪಿಡಿಗಳು ಹೇಳುವ 17ರಿಂದ 21 ಇಂಚು ಪಾದರಸ ಸಮುದ್ರಮಟ್ಟದ ಮಾತು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮೂರು ಇಂಚು ಕಡಿಮೆ ಬರುತ್ತದೆ. ಇದನ್ನು ಮರೆತರೆ ಆರೋಗ್ಯವಂತ ಎಂಜಿನ್ನೂ ರೋಗಿಯೇ.

ಪಿಸ್ಟನ್ ತುತ್ತತುದಿಗೆ ಬಂತೆಂದು ತಿಳಿಯಲು ಪ್ಲಗ್ಗಿನ ರಂಧ್ರದಲ್ಲಿ ಸ್ಕ್ರೂಡ್ರೈವರ್ ಇಳಿಬಿಡುವ ಪದ್ಧತಿಯಂತೂ ತೀರ ದುರ್ಬಲ. ತುದಿಯಲ್ಲಿ ವೇಗ ಸೊನ್ನೆಯೆಂದು ಸರಳ ಸಂಗತ ಚಲನೆಯ ಪಾಠದಲ್ಲಿ ನಾವೇ ಹೇಳುತ್ತೇವೆ, ಸ್ಕ್ರೂಡ್ರೈವರ್ ಹಿಡಿದು ತೋರಿಸುವುದಿಲ್ಲ. 80 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ ತುದಿಯಿಂದ 5 ಡಿಗ್ರಿ ಸರಿದರೂ ಪಿಸ್ಟನ್ ಇಳಿಯುವುದು 0.2 ಮಿ.ಮೀ. ಮಾತ್ರ. 45 ಡಿಗ್ರಿಯ ಆಸುಪಾಸಿನಲ್ಲಿ ಒಂದೊಂದು ಡಿಗ್ರಿಗೂ 0.6 ಮಿ.ಮೀ. ಆದ್ದರಿಂದ ತುದಿಯ ಎರಡೂ ಕಡೆ ಪಿಸ್ಟನ್ ಒಂದೇ ಎತ್ತರದಲ್ಲಿರುವ ಸ್ಥಾನಗಳನ್ನು ಗುರುತಿಸಿ, ನಡುಬಿಂದು ಹಿಡಿಯಬೇಕು.

ಜೋಡಿಸಿದ ಮೇಲೆ ಕೀಲಿ ತಿರುಗಿಸುವ ಆತುರ ಬೇಡ. ಅನೇಕ ಎಂಜಿನ್ನುಗಳಲ್ಲಿ ಟೈಮಿಂಗ್ ತಪ್ಪಿದರೆ ಪಿಸ್ಟನ್ ಕವಾಟಕ್ಕೆ ಬಡಿದು ಅದನ್ನು ಬಗ್ಗಿಸುತ್ತದೆ. ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಎಲ್ಲಾದರೂ ತಡೆದರೆ ನಿಲ್ಲಿಸಿ. ಸ್ಪ್ರಾಕೆಟ್ ಗುರುತುಗಳು ಮರಳಿ ಕೂಡಬೇಕು. ಸರಪಳಿಯ ಬಣ್ಣದ ಕೊಂಡಿಗಳು ಕೂಡದಿದ್ದರೆ ಗಾಬರಿ ಬೇಡ, ಅವು ಜೋಡಣೆಯ ಹೊತ್ತಿಗೆ ಮಾತ್ರ.

ನನ್ನ ಕಾರಿನಲ್ಲಿ ತಪ್ಪಿದ್ದು ಒಂದು ಹಲ್ಲು. ಅದನ್ನು ಸರಿಪಡಿಸಿದ ದಿನವೇ ಹಳೆಯ ಸಂವೇದಕಗಳೆರಡನ್ನೂ ಕೇಳಿ ಪಡೆದು ತಿರುಗಿ ಹಾಕಿಸಿದೆ. ಈಗಲೂ ಅವೇ ಇವೆ.