ಹುಳುವಿನ ಹೊಟ್ಟೆ ನೋಡಿ ಆರಿಸಿ

ಗೋಸುಂಬೆ ಸಾಕುವವರು ಪಂಜರಕ್ಕೆ, ದೀಪಕ್ಕೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಊಟದ ಮಾತು ಬಂದಾಗ ಮಾತ್ರ ಸಂಜೆ ಹೊಲದ ಬದುವಿಗೆ ಹೋಗಿ ನಾಲ್ಕು ಮಿಡತೆ ಹಿಡಿದು ತಂದರೆ ಆಯಿತು ಅಂದುಕೊಳ್ಳುತ್ತಾರೆ. ನಮ್ಮ ಹಾವೇರಿ ಸೀಮೆಯಲ್ಲಿ ಇದು ಬೇಡವೇ ಬೇಡ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಿಂದ ಬ್ಯಾಡಗಿಯ ಮೆಣಸಿನಕಾಯಿ ಹೊಲಗಳವರೆಗೆ, ರಾಣೆಬೆನ್ನೂರಿನ ಬೀಜೋತ್ಪಾದನೆಯ ತಾಕುಗಳವರೆಗೆ ಕೀಟನಾಶಕದ ಎಣ್ಣೆ ಹೊಡೆಯದ ಹೊಲ ಹುಡುಕುವುದು ಕಷ್ಟ. 2018ರಲ್ಲಿ ಸೈನಿಕ ಹುಳು ಕಾಣಿಸಿಕೊಂಡ ಮೇಲಂತೂ ಗೋವಿನಜೋಳದ ಸುಳಿಗೂ ಎಣ್ಣೆ ಬೀಳುತ್ತಿದೆ. ಅಲ್ಲಿನ ಮಿಡತೆ ಚುರುಕಾಗಿ ಕುಪ್ಪಳಿಸುತ್ತಿದ್ದರೂ ಅದರ ಹೊಟ್ಟೆಯಲ್ಲಿ ವಿಷವಿಲ್ಲವೆಂದು ಹೇಳಲಾಗದು.

ನಾನು ಹೇಳುತ್ತಿರುವುದು ಪರದೇಶದ ಗೋಸುಂಬೆಗಳ ಮಾತು, ಮುಖ್ಯವಾಗಿ ಯೆಮೆನ್ ಮೂಲದ, ತಲೆಯ ಮೇಲೆ ಎತ್ತರದ ಶಿಖೆಯಿರುವ ಜಾತಿಯದು. ಅದನ್ನು ಸಾಕುವವರು 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ನಮ್ಮ ಜಾಲಿಯ ಮೇಲೆ ಕಾಣುವ ನಾಡ ಗೋಸುಂಬೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಅದು ಬೇಲಿಯಲ್ಲೇ ಚೆನ್ನಾಗಿರುತ್ತದೆ.

ಹಾಗಾದರೆ ಏನು ಹಾಕುವುದು? ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಸೂಪರ್‌ವರ್ಮ್. ಅದರ ತೂಕದಲ್ಲಿ ನೂರಕ್ಕೆ ಹದಿನೇಳರಷ್ಟು ಕೊಬ್ಬೇ ಇರುತ್ತದೆ. ಅಪರೂಪಕ್ಕೊಮ್ಮೆ ಕೊಡಿ, ಸಾಕು. ಕ್ರಿಕೆಟ್ ಹುಳು ಒಳ್ಳೆಯದು. ಆದರೆ ಅದನ್ನು ತಂದ ದಿನವೇ ಹಾಕದೆ ಒಂದೆರಡು ದಿನ ನುಗ್ಗೆ ಸೊಪ್ಪು, ಗಜ್ಜರಿ ತಿನ್ನಿಸಿ, ಆಮೇಲೆ ಹಾಕಿ. ಗೋಸುಂಬೆ ನುಂಗುವುದು ಹುಳುವನ್ನಷ್ಟೇ ಅಲ್ಲ, ಹುಳು ಉಂಡ ಊಟವನ್ನೂ.

ಈ ಕಾರಣಕ್ಕೇ ನನ್ನ ಮೊದಲ ಆಯ್ಕೆ ರೇಷ್ಮೆ ಹುಳು. ಹೊರದೇಶದ ಸಾಕಣೆಗಾರರು ದುಬಾರಿ ಬೆಲೆ ಕೊಟ್ಟು ಪೊಟ್ಟಣದಲ್ಲಿ ತರಿಸಿಕೊಳ್ಳುವ ಈ ಹುಳು ನಮ್ಮಲ್ಲಿ ರೈತರ ಮನೆಯ ತಟ್ಟೆಯ ಮೇಲೇ ಇದೆ. ಮೈ ಮೆತ್ತಗೆ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ನೀರು, ಕೊಬ್ಬು ಒಂದರ ಆಸುಪಾಸು. ಕಚ್ಚುವುದಿಲ್ಲ, ಓಡುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದು ತಿನ್ನುವುದು ಹಿಪ್ಪುನೇರಳೆ ಸೊಪ್ಪನ್ನು ಮಾತ್ರ, ಆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಪಕ್ಕದ ಹೊಲದ ಎಣ್ಣೆ ಗಾಳಿಯಲ್ಲಿ ತೇಲಿಬಂದು ಸೊಪ್ಪಿನ ಮೇಲೆ ಕೂತರೆ ರೇಷ್ಮೆ ಹುಳು ಹಸಿರು ಕಾರಿ ಸಾಯುತ್ತದೆ. ಹುಳು ಸಾಕುವ ಮನೆಯವರು ಸೊಪ್ಪಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವುದು ಇದರಿಂದಲೇ. ಮಿಡತೆ ಮುಚ್ಚಿಡುವುದನ್ನು ರೇಷ್ಮೆ ಹುಳು ಬಯಲು ಮಾಡುತ್ತದೆ.

ಆರಿಸುವ ಜಾಣತನವನ್ನೂ ಆ ರೈತರಿಂದಲೇ ಕಲಿಯಬೇಕು. ಮೈಮೇಲೆ ಕರಿ ಚುಕ್ಕೆಯಿರುವ ಹುಳುವನ್ನು ಅವರು ದೂರದಿಂದಲೇ ಗುರುತಿಸುತ್ತಾರೆ. ಅದು ಊಜಿ ನೊಣ ಮೊಟ್ಟೆಯಿಟ್ಟ ಗುರುತು. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ನೊಣ ಅದು, ಈಗಲೂ ಅದರ ಕಾಟ ತಪ್ಪಿಲ್ಲ. ಮೈ ಊದಿ ಹಾಲಿನಂಥ ರಸ ಸೋರುವುದು ಹಾಲುತೊಂಡೆ, ಜೋತುಬಿದ್ದು ಕಪ್ಪಾಗುವುದು ಸಪ್ಪೆರೋಗ. ಇಂಥವನ್ನು ಬಿಟ್ಟಿ ಕೊಟ್ಟರೂ ತರಬಾರದು. ಸೋಂಕು ನಿವಾರಕ ಪುಡಿ ಉದುರಿಸಿದ ತಟ್ಟೆಯ ಹುಳುವೂ ಬೇಡ. ಪುಡಿ ಹಾಕುವ ಮೊದಲೇ ಒಂದು ಹಿಡಿ ಹುಳುವನ್ನು ಬೇರೆ ತೆಗೆದಿಡಲು ಕೇಳಿಕೊಳ್ಳಿ. ಚಾಕಿ ಹುಳು, ಅಂದರೆ ಎಳೆಯ ಹುಳು, ಗೋಸುಂಬೆ ಮರಿಗಳಿಗೆ ಸರಿ, ಮೂರನೆಯ ಜ್ವರ (ಹುಳು ಪೊರೆ ಬಿಡುವ ಹೊತ್ತನ್ನು ರೈತರು ಹೀಗೆನ್ನುತ್ತಾರೆ) ಎದ್ದ ಹುಳು ಬೆಳೆದವಕ್ಕೆ. ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪನೆಯ ಹುಳು ಹಾಕಬೇಡಿ.

ಇಷ್ಟೆಲ್ಲ ಇದ್ದರೂ ಇದೊಂದನ್ನೇ ನಂಬಬಾರದು. ರೇಷ್ಮೆ ಹುಳುವಿನ ಮೈಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಈ ಲೆಕ್ಕ ತಪ್ಪಿದರೆ ಗೋಸುಂಬೆಯ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ತೆಳ್ಳಗೆ ಸವರಿಯೇ ಕೊಡಿ. ತಿಪ್ಪೆ ಗೊಬ್ಬರದಲ್ಲಿ ಬೆಳೆಯುವ ಬ್ಲ್ಯಾಕ್ ಸೋಲ್ಜರ್ ನೊಣದ ಹುಳುವಿನ ಮೈಯಲ್ಲಿ ಮಾತ್ರ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚು. ಮನೆಯ ತರಕಾರಿ ಸಿಪ್ಪೆಯಲ್ಲೇ ಅದನ್ನು ಬೆಳೆಸಿಕೊಳ್ಳಬಹುದು.

ಇನ್ನು ಹೊತ್ತಿನ ಮಾತು. ಗೋಸುಂಬೆಯ ನಾಲಿಗೆ ತನ್ನ ಮೈಯ ಒಂದೂವರೆ ಪಟ್ಟು ದೂರ ಚಿಮ್ಮುತ್ತದೆ ನಿಜ, ಆದರೆ ಅಲುಗದ ಬೇಟೆಯತ್ತ ಅದು ಸಾಮಾನ್ಯವಾಗಿ ಗಮನ ಕೊಡುವುದಿಲ್ಲ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಕಲ್ಲಿನಂತೆ ನಿಂತಿರುತ್ತದೆ. ಸೊಪ್ಪು ಮುಟ್ಟದೆ ಅದರ ಹೊಟ್ಟೆಯೂ ಬರಿದಾಗಿರುತ್ತದೆ. ಮೈ ಹೊಳೆದು ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಿಕೆ ಏರುವ ಮುಂಚೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಹಾಕುತ್ತದೆ. ಅವೆರಡನ್ನೂ ಬಿಡಿ. ಜ್ವರ ಎದ್ದು ಎರಡು ದಿನ ಸೊಪ್ಪು ಮೆಂದ ಹುಳುವನ್ನು ಒಂದು ತೆಳು ಕಡ್ಡಿಯ ಮೇಲೆ ಹರಿಯಬಿಟ್ಟು ಬೆಳಿಗ್ಗೆ ಬಿಸಿಲೇರಿದ ಮೇಲೆ ಪಂಜರದಲ್ಲಿಡಿ.