ಸಿರಾಮಿಕ್ ಶಾಯಿ: ಹೆಸರು ಮತ್ತು ಹದ

ಗಣಕಯಂತ್ರದ ಆಜ್ಞೆಯಂತೆ ಚಲಿಸುವ ಮೂತಿಯೊಂದರಿಂದ ಮಣ್ಣಿನ ಹಿಟ್ಟನ್ನು ಎಳೆಯೆಳೆಯಾಗಿ ಇಳಿಸಿ, ಪದರದ ಮೇಲೆ ಪದರವಿಟ್ಟು ವಸ್ತುವನ್ನು ಕಟ್ಟುವ ಕ್ರಮಕ್ಕೆ ಮೂರು ಆಯಾಮದ ಮುದ್ರಣವೆಂದೂ, ಆ ಹಿಟ್ಟಿಗೆ ಸಿರಾಮಿಕ್ ಶಾಯಿಯೆಂದೂ ಹೆಸರು ರೂಢಿಯಾಗಿದೆ. ಈ ವಿಷಯದಲ್ಲಿ ಕಳೆದ ಮೂರು ದಶಕಗಳಲ್ಲಿ ನಡೆದಿರುವ ಸಂಶೋಧನೆ ಅಲ್ಪವಾದುದಲ್ಲ. ಅದರ ಸಾಧನೆಗಳನ್ನು ಎಣಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಒಂದು ಶಾಯಿಯನ್ನು ಉತ್ತಮವೆಂದು ಹೇಳುವಾಗ ನಾವು ಬಳಸುವ ಒರೆಗಲ್ಲು ಯಾವುದು, ಅದು ಸಾಕೇ ಎಂಬುದಷ್ಟೇ ಇಲ್ಲಿಯ ವಿಚಾರ.

1990ರ ದಶಕದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಜೋಸೆಫ್ ಸಿಸರಾನೊ ಮತ್ತು ಅವರ ಸಂಗಡಿಗರು ಈ ವಿಧಾನಕ್ಕೆ ಅಡಿಪಾಯ ಹಾಕಿದರು. ಅಂಟುದ್ರವ್ಯವನ್ನು ಅತ್ಯಲ್ಪವಾಗಿ ಬಳಸಿ, ಕಣಗಳು ದಟ್ಟವಾಗಿರುವ ನೀರಿನ ಹಿಟ್ಟಿನಿಂದಲೇ ವಸ್ತುವನ್ನು ಕಟ್ಟಬಹುದೆಂದು ಅವರು ತೋರಿಸಿದರು. 2002ರಲ್ಲಿ ಸ್ಮೇ, ಸಿಸರಾನೊ ಮತ್ತು ಜೆನಿಫರ್ ಲೂಯಿಸ್ ಅವರು ಪ್ರಕಟಿಸಿದ ಪ್ರಬಂಧವು ಇಂತಹ ಶಾಯಿಗೆ ಎರಡು ನಿಯಮಗಳನ್ನು ವಿಧಿಸಿತು. ಶಾಯಿಯು ಮೂತಿಯಲ್ಲಿ ಹರಿದು, ಹೊರಬಿದ್ದ ಕೂಡಲೆ ನಿಂತು ಆಕಾರವನ್ನು ಕಾಯಬೇಕೆಂಬುದು ಮೊದಲನೆಯದು. ಆರುವಾಗ ಹೆಚ್ಚು ಕುಗ್ಗದಂತೆ ಅದರಲ್ಲಿ ಘನಕಣಗಳ ಪ್ರಮಾಣ ಅಧಿಕವಾಗಿರಬೇಕೆಂಬುದು ಎರಡನೆಯದು. ಎರಡೂ ಯುಕ್ತವಾದ ನಿಯಮಗಳೇ. ಆದರೆ ಈ ಮಾರ್ಗವನ್ನು ಅನುಸರಿಸಿದ ಅನೇಕ ಪ್ರಬಂಧಗಳಲ್ಲಿ ಮೊದಲನೆಯ ನಿಯಮಕ್ಕೆ ದೊರೆತ ಗೌರವ ಎರಡನೆಯದಕ್ಕೆ ದೊರೆತಿಲ್ಲ. ಕಾರಣ ಸರಳವಾಗಿದೆ. ಸ್ನಿಗ್ಧತೆಯನ್ನು ಉಪಕರಣದಲ್ಲಿ ಬೇಗನೆ ಅಳೆದು ಚೆಲುವಾದ ರೇಖೆಯಾಗಿ ಬರೆಯಬಹುದು. ಆರುವಿಕೆಯನ್ನೂ ಸುಡುವಿಕೆಯನ್ನೂ ದಿನಗಟ್ಟಲೆ ಕಾಯಬೇಕು.

ಇದರ ಪರಿಣಾಮ ಸಣ್ಣದಲ್ಲವೆಂಬುದಕ್ಕೆ ಒಂದು ಲೆಕ್ಕ ಸಾಕು. ಹಿಟ್ಟಿನ ಒಟ್ಟು ಗಾತ್ರದಲ್ಲಿ ಘನಕಣಗಳು ನೂರಕ್ಕೆ 50 ಭಾಗವಿದ್ದು, ಸುಟ್ಟ ಮೇಲೆ ರಂಧ್ರಗಳೇ ಉಳಿಯದಿದ್ದರೆ, 100 ಮಿಲಿಮೀಟರ್ ಉದ್ದದ ಅಂಚು ಸುಮಾರು 79 ಮಿಲಿಮೀಟರಿಗೆ ಇಳಿಯುತ್ತದೆ. ಘನಭಾಗ 45 ಆದರೆ 77ಕ್ಕೆ, 60 ಆದರೆ 84ಕ್ಕೆ ಇಳಿಯುತ್ತದೆ. ಮೂತಿಯ ಚಲನೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಕರಾರುವಾಕ್ಕಾಗಿದೆಯೆಂದು ಹೊಗಳಿಕೊಳ್ಳುವವರು ಈ ಇಪ್ಪತ್ತು ಮಿಲಿಮೀಟರುಗಳನ್ನು ಮರೆಯಲಾಗದು. ಕುಗ್ಗುವಿಕೆ ಎಲ್ಲೆಡೆ ಸಮವಾಗಿದ್ದರೆ ಅದನ್ನು ಮೊದಲೇ ಲೆಕ್ಕದಲ್ಲಿ ಸೇರಿಸಬಹುದಾಗಿತ್ತು. ಆದರೆ ಹೊರಮೈ ಮೊದಲು ಆರುತ್ತದೆ, ಒಳಗು ಆಮೇಲೆ. ತಳವು ಹಲಗೆಗೆ ಅಂಟಿ ಕುಗ್ಗಲಾರದೆ ನಿಲ್ಲುತ್ತದೆ. ಪದರಗಳ ಸಂದಿನಲ್ಲಿ ಬಿರುಕು ಮೂಡುತ್ತದೆ. 1996ರಲ್ಲಿ ಗ್ರಿಫಿತ್ ಮತ್ತು ಹ್ಯಾಲೊರನ್ ಅವರು ವಿವರಿಸಿದ, ಬೆಳಕಿನಿಂದ ಗಟ್ಟಿಯಾಗುವ ರಾಳದಲ್ಲಿ ಸಿರಾಮಿಕ್ ಕಣಗಳನ್ನು ಬೆರೆಸುವ ವಿಧಾನಕ್ಕೂ ಈ ತೊಡಕು ತಪ್ಪಿದ್ದಲ್ಲ. ಅಲ್ಲಿ ಆಕಾರ ಸೂಕ್ಷ್ಮವಾಗಿ ಮೂಡುತ್ತದೆ. ಆದರೆ ರಾಳವನ್ನು ಸುಟ್ಟು ತೆಗೆಯುವಾಗ ದಪ್ಪ ಗೋಡೆಗಳು ಸೀಳುವ ಭಯವುಂಟು.

ನಮಗೆ ತೋರುವಂತೆ, ಈ ಅಲಕ್ಷ್ಯಕ್ಕೆ ಹೆಸರೂ ಒಂದು ಕಾರಣ. ಶಾಯಿ ಎಂದೊಡನೆ, ಬರೆದಾಯಿತು, ಕೆಲಸ ಮುಗಿಯಿತು ಎಂಬ ಭಾವನೆ ಹುಟ್ಟುತ್ತದೆ. ಬರವಣಿಗೆಯಲ್ಲಿ ಶಾಯಿಯನ್ನು ಕಾಗದ ಹೊರುತ್ತದೆ. ಇಲ್ಲಿ ಶಾಯಿಯು ತನ್ನನ್ನು ತಾನೇ ಹೊರಬೇಕು. ನೀರಿನ ಇಮ್ಮಡಿ ಸಾಂದ್ರತೆಯುಳ್ಳ ಹಸಿಮಣ್ಣಿನ ಗೋಡೆ ಹತ್ತು ಸೆಂಟಿಮೀಟರ್ ಎದ್ದರೆ ಅದರ ತಳದ ಮೇಲೆ ಸುಮಾರು 2000 ಪಾಸ್ಕಲ್ ಒತ್ತಡ ಬೀಳುತ್ತದೆ. ಆಮೇಲೆ ಆರುವುದು, ಬೇಯುವುದು ಬಾಕಿಯೇ ಇರುತ್ತದೆ. ಕನ್ನಡದಲ್ಲಿ ಇದಕ್ಕೆ ಉಚಿತವಾದ ಮಾತೊಂದು ಮೊದಲಿನಿಂದಲೂ ಇದೆ: ಹದ. ಹದವೆಂದರೆ ಹರಿಯುವ ಗುಣ ಮಾತ್ರವಲ್ಲ, ಮುಂದಿನ ಕೆಲಸಕ್ಕೆ ತಕ್ಕ ಸ್ಥಿತಿ. ಕಲಸುವಾಗ ಒಂದು ಹದ, ತಟ್ಟುವಾಗ ಒಂದು ಹದ, ಆವಿಗೆಗೆ ಇಡುವಾಗ ಇನ್ನೊಂದು ಹದ. ಸ್ನಿಗ್ಧತೆ ಒಂದು ಕ್ಷಣದ ಅಳತೆ. ಹದದೊಳಗೆ ಕಾಲವೂ ಸೇರಿದೆ.

ಹೆಸರಿನಲ್ಲಿಯೇ ಘಟವನ್ನು ಹೊತ್ತ ಘಟಪ್ರಭೆಯ ಸೀಮೆಯಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಗೋಕಾಕ ಮೂಡಲಗಿಗಳ ಎರೆಭೂಮಿ ಬೇಸಿಗೆಯಲ್ಲಿ ಹೇಗೆ ಬಾಯಿಬಿಡುತ್ತದೆಂಬುದನ್ನು ಇಲ್ಲಿಯ ರೈತರಿಗೆ ಹೇಳಬೇಕಾಗಿಲ್ಲ. ಎರೆಮಣ್ಣಿನ ಜೇಡಿಕಣಗಳು ತಮ್ಮ ಪದರಗಳ ನಡುವೆ ನೀರನ್ನು ಹಿಡಿದು ಉಬ್ಬುತ್ತವೆ, ಆರಿದಾಗ ಅಷ್ಟೇ ಕುಗ್ಗುತ್ತವೆ. ಅಂತಹ ಮಣ್ಣಿನ ಹಿಟ್ಟು ಮೂತಿಯಲ್ಲಿ ಬೆಣ್ಣೆಯಂತೆ ಹರಿದು ಮೊದಲನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ನೆರಳಿನಲ್ಲಿ ಇಟ್ಟ ಮರುದಿನವೇ ಸೀಳಿಹೋಗಬಹುದು. ಆದುದರಿಂದಲೇ ಕುಂಬಾರನು ಜಿಗುಟು ಮಣ್ಣಿಗೆ ಮರಳನ್ನೋ ಬೂದಿಯನ್ನೋ ಲದ್ದಿಯನ್ನೋ ಬೆರೆಸುತ್ತಾನೆ. ಮರಳು ಕುಗ್ಗುವಿಕೆಯನ್ನು ತಡೆಯುತ್ತದೆ; ಲದ್ದಿಯ ನಾರು ಹಸಿಮಣ್ಣನ್ನು ಬಿಗಿಹಿಡಿದು, ಬೆಂಕಿಯಲ್ಲಿ ಉರಿದುಹೋಗಿ ಉಗಿಗೆ ದಾರಿಮಾಡುತ್ತದೆ. ಅವನು ಕೊಡವನ್ನು ಒಂದೇ ಉಸಿರಿನಲ್ಲಿ ಮುಗಿಸುವುದೂ ಇಲ್ಲ. ತಿಗರಿಯಿಂದ ಇಳಿಸಿ, ಅರೆ ಆರಲು ಬಿಟ್ಟು, ಒಳಗೆ ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸುತ್ತಾನೆ. ಹಸಿಯ ಮೇಲೆ ಹಸಿಯನ್ನು ಎಡೆಬಿಡದೆ ಏರಿಸುವ ಯಂತ್ರವು ಈ ಬಿಡುವನ್ನು ಇನ್ನೂ ಚೆನ್ನಾಗಿ ಕಲಿತಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕುಂಬಾರನ ಹದ ಅವನ ಬೆರಳಿನಲ್ಲಿದೆ, ಅಂಕಿಗೆ ಸಿಗುವುದಿಲ್ಲ. ಮೇಲಾಗಿ ಅವನ ಆವಿಗೆಯಲ್ಲಿ ಬೆಂದ ಮಡಕೆ ರಂಧ್ರಮಯ, ಆ ರಂಧ್ರಗಳಿಂದ ನೀರು ಜಿನುಗಿ ಆರುವುದರಿಂದಲೇ ಅದು ತಂಪು. ಸುಮಾರು 1600 ಡಿಗ್ರಿ ಸೆಲ್ಸಿಯಸಿನಲ್ಲಿ ಬೇಯುವ ಅಲ್ಯೂಮಿನಾದ ಬಿಡಿಭಾಗಕ್ಕೆ ಮಡಕೆಯ ನ್ಯಾಯ ಹೇಗೆ ಸಲ್ಲುತ್ತದೆ ಎಂಬುದು ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವಿದೆ. ಮಡಕೆಗೆ ಗುಣವಾದ ರಂಧ್ರ ಯಂತ್ರಭಾಗಕ್ಕೆ ದೋಷ. ಆದರೆ ಇದರಿಂದ ಸಿದ್ಧವಾಗುವುದೇನು? ಶಾಯಿಯ ಯೋಗ್ಯತೆಯು ಬೆಂದ ವಸ್ತುವಿನ ಪ್ರಯೋಜನದಿಂದ ನಿರ್ಣಯವಾಗಬೇಕು, ಮೂತಿಯ ಬಳಿಯಲ್ಲಲ್ಲ ಎಂಬುದೇ. ಇನ್ನು ಬೆರಳಿನ ಜ್ಞಾನ ಅಂಕಿಗೆ ಸಿಗದೆಂಬುದು, ಅಳೆಯಲು ಯತ್ನಿಸಿದ ಮೇಲೆ ಹೇಳಬೇಕಾದ ಮಾತು.

ಆದುದರಿಂದ ಶಾಯಿಯನ್ನು ಕುರಿತ ಪ್ರತಿಯೊಂದು ಪ್ರಬಂಧವೂ ಸ್ನಿಗ್ಧತೆಯ ರೇಖೆಯ ಜೊತೆಗೆ ಮೂರು ಸಂಗತಿಗಳನ್ನು ಕೊಡಬೇಕೆಂದು ನಾವು ಬಯಸುತ್ತೇವೆ: ಮೂರು ದಿಕ್ಕುಗಳಲ್ಲಿಯೂ ಅಳೆದ ಕುಗ್ಗುವಿಕೆ, ಮುದ್ರಿಸಿದವುಗಳಲ್ಲಿ ಸೀಳದೆ ಬೆಂದವು ಎಷ್ಟೆಂಬ ಎಣಿಕೆ, ಪದರಗಳ ಉದ್ದಕ್ಕೂ ಅಡ್ಡಕ್ಕೂ ಬೇರೆಬೇರೆಯಾಗಿ ನೋಡಿದ ಬಲ. ಮುರಿದವುಗಳನ್ನು ಮರೆಮಾಡಿ ಉಳಿದ ಒಂದರ ಚಿತ್ರವನ್ನು ಅಚ್ಚುಹಾಕುವುದು ಶಾಸ್ತ್ರವಲ್ಲ. ನಮ್ಮ ಭಾಗದಲ್ಲಿ ಇದಕ್ಕೆ ಅನುಕೂಲವೂ ಇದೆ. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. ಹುಕ್ಕೇರಿಯಿಂದ ಮೂಡಲಗಿಯವರೆಗೆ ಬಗೆಬಗೆಯ ಮಣ್ಣಿದೆ. ಆ ಮಣ್ಣಿನ ಹದ ಬಲ್ಲ ಕೈಗಳು ಇನ್ನೂ ಉಳಿದಿವೆ. ಅವರು ಬೆರೆಸುವ ಮರಳೆಷ್ಟು, ಬಿಡುವ ಹೊತ್ತೆಷ್ಟು ಎಂಬುದನ್ನು ತೂಗಿ ಬರೆದಿಡುವ ಕೆಲಸಕ್ಕೆ ದೊಡ್ಡ ಯಂತ್ರ ಬೇಡ, ತಕ್ಕಡಿ ಮತ್ತು ಗಡಿಯಾರ ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಮಡಕೆಯನ್ನು ಕುರಿತು ಹುಟ್ಟಿತು. ಬರೆದಿಡದ ವಿದ್ಯೆಗೂ ಅದು ಸಲ್ಲುತ್ತದೆ. ಆ ಕೈಗಳು ಕೆಲಸ ಬಿಟ್ಟ ಮೇಲೆ ಕೇಳಲು ಹೊರಟರೆ ಉತ್ತರ ಕೊಡುವವರು ಇರಲಾರರು.