ದಾನದ ಬೆಲೆ: ಲಂಡನ್ನಿನ ಮುಕ್ತಿಸೇನೆಯ ಸಮಾಜಸೇವೆ—ಒಂದು ಗ್ರಂಥ, ಒಂದು ನಾಟಕ

ಧರ್ಮಸಂಸ್ಥೆಗಳು ನಡೆಸಿದ ಸಮಾಜಸೇವೆಯ ಚರಿತ್ರೆಯನ್ನು ಬರೆಯುವವರಲ್ಲಿ ಸಾಮಾನ್ಯವಾಗಿ ಎರಡು ಪಂಗಡಗಳು ಕಂಡುಬರುತ್ತವೆ. ಒಂದು ಪಂಗಡದವರು ಉಂಡವರ ತಲೆಗಳನ್ನೂ ಮಲಗಿದವರ ಹಾಸಿಗೆಗಳನ್ನೂ ಎಣಿಸಿ ಸಂಸ್ಥೆಯ ಕೀರ್ತಿಯನ್ನು ಹಾಡುತ್ತಾರೆ. ಇನ್ನೊಂದು ಪಂಗಡದವರು ಅನ್ನದ ಹಿಂದೆ ಮತಪ್ರಚಾರದ ಗಾಳವನ್ನು ಮಾತ್ರ ಕಂಡು ಉಳಿದುದೆಲ್ಲವನ್ನೂ ತಳ್ಳಿಹಾಕುತ್ತಾರೆ. ಈ ಎರಡು ಬಗೆಯ ಬರವಣಿಗೆಯಲ್ಲಿಯೂ ಒಂದು ಪ್ರಶ್ನೆ ತಪ್ಪಿಹೋಗುತ್ತದೆ: ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಟ್ಟವರು ಏನನ್ನು ಕೇಳಿದರು, ಮತ್ತು ಯಾರಿಂದ ಕೇಳಿದರು? ಲಂಡನ್ ನಗರದಲ್ಲಿ ಸಾಲ್ವೇಷನ್ ಆರ್ಮಿ, ಎಂದರೆ ಮುಕ್ತಿಸೇನೆ, ನಡೆಸಿದ ಸೇವಾಕಾರ್ಯವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಆಧಾರವಾಗಿ ಎರಡು ಕೃತಿಗಳಿವೆ. ಸೇನೆಯ ಸ್ಥಾಪಕ ವಿಲಿಯಂ ಬೂತ್ 1890ರಲ್ಲಿ ಪ್ರಕಟಿಸಿದ ‘ಇನ್ ಡಾರ್ಕೆಸ್ಟ್ ಇಂಗ್ಲೆಂಡ್ ಅಂಡ್ ದಿ ವೇ ಔಟ್’ ಎಂಬ ಗ್ರಂಥ ಒಂದು. 1905ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಪ್ರಥಮ ಪ್ರಯೋಗ ಕಂಡ ಬರ್ನಾರ್ಡ್ ಷಾನ ‘ಮೇಜರ್ ಬಾರ್ಬರಾ’ ಇನ್ನೊಂದು. ನಮ್ಮ ಕಾಲೇಜುಗಳಲ್ಲಿ ನಾಟಕವನ್ನು ಓದಿದವರುಂಟು. ಗ್ರಂಥವನ್ನು ಓದಿದವರು ವಿರಳ.

ಬೂತ್ 1829ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ಗಿರವಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಅವನು ಬಡತನವನ್ನು ಕಂಡದ್ದು ದೂರದಿಂದಲ್ಲ. ಶನಿವಾರ ಬಿಡಿಸಿಕೊಂಡ ಕೋಟು ಸೋಮವಾರ ಮತ್ತೆ ಅಡವಿಗೆ ಬರುವ ಗಲ್ಲೆಯ ಆಚೆಯಿಂದ. ಮೆಥಡಿಸ್ಟ್ ಪಂಥದ ಬೋಧಕನಾಗಿದ್ದು 1861ರಲ್ಲಿ ಅದನ್ನು ಬಿಟ್ಟು, 1865ರಲ್ಲಿ ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಡೇರೆ ಹಾಕಿ ಬೋಧನೆಗೆ ತೊಡಗಿದನು. ಆಗ ಹುಟ್ಟಿದ ಸಂಘ 1878ರಲ್ಲಿ ಸೇನೆಯೆಂಬ ಹೆಸರನ್ನೂ ಸಮವಸ್ತ್ರ, ಪದವಿ, ವಾದ್ಯಮೇಳಗಳನ್ನೂ ಧರಿಸಿತು. ಮೊದಲ ಗುರಿ ಆತ್ಮಗಳ ಉದ್ಧಾರವೇ ಹೊರತು ಹೊಟ್ಟೆಯ ಚಿಂತೆಯಲ್ಲ. ಆದರೆ ಹಸಿದವನ ಕಿವಿಗೆ ಉಪದೇಶ ಹೊಗುವುದಿಲ್ಲವೆಂಬುದು ಬೀದಿಯಲ್ಲಿ ನಿಂತವರಿಗೆ ಬೇಗ ತಿಳಿಯುತ್ತದೆ. 1884ರಲ್ಲಿ ವೈಟ್‌ಚಾಪೆಲ್‌ನ ಹ್ಯಾನ್‌ಬರಿ ಬೀದಿಯಲ್ಲಿ ದಿಕ್ಕಿಲ್ಲದ ಹೆಂಗಸರಿಗಾಗಿ ಆಶ್ರಯಗೃಹ, 1888ರಲ್ಲಿ ಲೈಮ್‌ಹೌಸ್‌ನಲ್ಲಿ ಅಗ್ಗದ ಊಟದ ಶಾಲೆ ಮತ್ತು ರಾತ್ರಿಯ ತಂಗುದಾಣ, 1890ರಲ್ಲಿ ಉದ್ಯೋಗ ಹುಡುಕಿಕೊಡುವ ಕಚೇರಿ, ಹೀಗೆ ಒಂದೊಂದಾಗಿ ಸೇವೆಗಳು ಹುಟ್ಟಿದವು. ಗ್ರಂಥ ಬಂದದ್ದು ಇವುಗಳ ಅನಂತರ. ಯೋಜನೆಯಿಂದ ಕಾರ್ಯ ಹುಟ್ಟಲಿಲ್ಲ, ಕಾರ್ಯದಿಂದ ಯೋಜನೆ ಹುಟ್ಟಿತು ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಗ್ರಂಥದ ಹೆಸರು ಅದೇ ವರ್ಷ ಪ್ರಕಟವಾಗಿದ್ದ ಸ್ಟ್ಯಾನ್ಲಿಯ ಆಫ್ರಿಕಾ ಪ್ರವಾಸಗ್ರಂಥದ ಪ್ರತಿಧ್ವನಿ. ಪತ್ರಕರ್ತ ಡಬ್ಲ್ಯು. ಟಿ. ಸ್ಟೆಡ್‌ನ ನೆರವಿನಿಂದ ಅದು ಸಿದ್ಧವಾಯಿತು. ಬೂತನ ಪತ್ನಿ ಕ್ಯಾಥರಿನ್ ಆ ತಿಂಗಳುಗಳಲ್ಲಿ ಅರ್ಬುದ ರೋಗದಿಂದ ನರಳುತ್ತಿದ್ದು, ಅದು ಹೊರಬಂದ ಅಕ್ಟೋಬರಿನಲ್ಲಿಯೇ ತೀರಿಕೊಂಡಳು. ಬ್ರಿಟನ್ನಿನ ಜನರಲ್ಲಿ ಹತ್ತರಲ್ಲೊಂದು ಪಾಲು, ಸುಮಾರು 30 ಲಕ್ಷ ಮಂದಿ, ದಾರಿದ್ರ್ಯದಲ್ಲಿ ಮುಳುಗಿದ್ದಾರೆಂಬುದು ಗ್ರಂಥದ ಲೆಕ್ಕ. ಈ ಲೆಕ್ಕಕ್ಕೆ ಅವನು ಆಶ್ರಯಿಸಿದ್ದು, ಹೆಸರಿನಲ್ಲಿ ಸಾಮ್ಯವಿದ್ದರೂ ಸಂಬಂಧಿಯಲ್ಲದ ಚಾರ್ಲ್ಸ್ ಬೂತ್ 1889ರಲ್ಲಿ ಪ್ರಕಟಿಸಿದ್ದ ಪೂರ್ವ ಲಂಡನ್ನಿನ ಸಮೀಕ್ಷೆಯನ್ನು. ಪರಿಹಾರವಾಗಿ ಮೂರು ನೆಲೆಗಳನ್ನು ಅವನು ಸೂಚಿಸುತ್ತಾನೆ: ನಗರದಲ್ಲಿ ಅನ್ನ, ಆಶ್ರಯ, ಕೆಲಸ ಕೊಡುವ ಕೇಂದ್ರಗಳು, ಹಳ್ಳಿಯಲ್ಲಿ ವ್ಯವಸಾಯದ ವಸತಿ, ಕಡೆಗೆ ಸಮುದ್ರದಾಚೆ ಹೊಸ ನೆಲ. ಬಾಡಿಗೆ ಗಾಡಿಯ ಕುದುರೆಗೆ ಲಂಡನ್ನಿನಲ್ಲಿ ಮೇವು, ಲಾಯ, ಕೆಲಸ ಈ ಮೂರೂ ಉಂಟು, ಬಿದ್ದರೆ ಎಬ್ಬಿಸುವವರೂ ಉಂಟು, ಮನುಷ್ಯನಿಗೆ ಅಷ್ಟಾದರೂ ಬೇಡವೆ ಎಂಬ ಅವನ ದೃಷ್ಟಾಂತ ಪ್ರಸಿದ್ಧವಾದುದು. ದೃಷ್ಟಾಂತ ಪರಿಣಾಮಕಾರಿಯಾದುದು ನಿಜ. ಆದರೆ ಕುದುರೆಗೆ ಒಡೆಯನಿದ್ದಾನೆ ಎಂಬುದೂ ಅದರಲ್ಲಿ ಅಡಗಿದೆ. ಬಡವನನ್ನು ಕತ್ತಲೆಯ ಖಂಡದ ನಿವಾಸಿಯಾಗಿ, ಗಾಡಿಯ ಕುದುರೆಯಾಗಿ, ಮುಳುಗುತ್ತಿರುವವನಾಗಿ ಕಾಣುವ ಈ ರೂಪಕಗಳಲ್ಲೆಲ್ಲ ಅವನಿಗೆ ಮಾತಿಲ್ಲ.

ಹೀಗಿದ್ದೂ ಗ್ರಂಥದ ಅತ್ಯುತ್ತಮ ಭಾಗ ರೂಪಕಗಳಿಲ್ಲದ ಕೆಲವು ಪುಟಗಳು. 1890ರ ಜೂನ್ ತಿಂಗಳ ಒಂದು ರಾತ್ರಿ ಸೇನೆಯ ಅಧಿಕಾರಿಯೊಬ್ಬನು ಥೇಮ್ಸ್ ನದಿಯ ದಂಡೆಯ ಕಲ್ಲುಬೆಂಚುಗಳ ಮೇಲೆ ಮಲಗಿದ್ದವರನ್ನು ಮಾತನಾಡಿಸಿ ಅವರ ಹೇಳಿಕೆಗಳನ್ನು ಬರೆದುಕೊಂಡನು. ಅವರಲ್ಲಿ ಮಿಠಾಯಿ ಮಾಡುವ ಕಸಬಿನವನೊಬ್ಬ, ದರ್ಜಿಯೊಬ್ಬ. ಎಷ್ಟು ರಾತ್ರಿಯಿಂದ ಇಲ್ಲಿದ್ದೇನೆ, ಎಲ್ಲಿ ಕೆಲಸ ತಪ್ಪಿತು, ಇಂದು ಏನು ತಿಂದೆ, ಇಷ್ಟೇ ಅವರ ಮಾತು. ಅವರಿಗೆ ಹೆಸರಿಲ್ಲ, ಸಂಖ್ಯೆಗಳು ಮಾತ್ರ. ಆದರೂ ಉತ್ತಮಪುರುಷದಲ್ಲಿ ಅವರೇ ಮಾತನಾಡುತ್ತಾರೆ. ಪಾಪದ ಪ್ರಸ್ತಾಪವಿಲ್ಲ, ಪಶ್ಚಾತ್ತಾಪದ ನಟನೆಯಿಲ್ಲ. ಈ ಹೇಳಿಕೆಗಳು ನಂಬಿಕೆಗೆ ಅರ್ಹವಾಗಿ ತೋರುವುದಕ್ಕೆ ಕಾರಣವಿದೆ: ಇವು ಹಾಸಿಗೆಗೆ ಬೆಲೆಯಾಗಿ ಕೊಟ್ಟ ಕಥೆಗಳಲ್ಲ. ಸೇವೆಯ ಮನೆಯೊಳಗೆ ಕಾಲಿಡುವ ಮೊದಲು ಬಯಲಲ್ಲಿ ಆಡಿದ ಮಾತುಗಳು.

ಮನೆಯೊಳಗೆ ಕೇಳುತ್ತಿದ್ದ ಬೆಲೆಯಾದರೂ ಏನು? ಮೊದಲನೆಯದು ಕಾಸು. ಬೂತನ ತಂಗುದಾಣದಲ್ಲಿ 4 ಪೆನ್ನಿಗೆ ರಾತ್ರಿಯ ಆಹಾರ, ಮಲಗುವ ಸ್ಥಳ, ಬೆಳಗಿನ ಉಪಾಹಾರ ದೊರೆಯುತ್ತಿದ್ದವು. ಹಾಸಿಗೆಯೆಂದರೆ ಶವಪೆಟ್ಟಿಗೆಯನ್ನು ನೆನಪಿಗೆ ತರುವ ಮರದ ಪೆಟ್ಟಿಗೆ. ಇದನ್ನು ಹಲವರು ಹಾಸ್ಯ ಮಾಡಿದ್ದಾರೆ. ಆದರೆ 1889ರ ಮುಷ್ಕರದಲ್ಲಿ ಲಂಡನ್ನಿನ ಹಡಗುಕಟ್ಟೆಯ ಕೂಲಿಗಳು ಹೋರಾಡಿ ಗಳಿಸಿದ್ದು ಗಂಟೆಗೆ 6 ಪೆನ್ನಿ. ಎಂದಮೇಲೆ ಒಂದು ಗಂಟೆಯ ಕೂಲಿ ಸಿಕ್ಕವನು ಆ ರಾತ್ರಿ ಯಾರ ಹಂಗೂ ಇಲ್ಲದೆ ಮಲಗಬಹುದಾಗಿತ್ತು. ಗಂಡಹೆಂಡಿರನ್ನು ಬೇರ್ಪಡಿಸಿ, ಭಿಕಾರಿಯೆಂಬ ಮುದ್ರೆಯೊತ್ತುತ್ತಿದ್ದ ಸರಕಾರದ ದುಡಿಮನೆಗಳಿಗೆ ಹೋಲಿಸಿದರೆ ಈ ನಾಲ್ಕು ಪೆನ್ನಿ ಅವಮಾನವಲ್ಲ, ಮಾನದ ರಕ್ಷಣೆ. ಎರಡನೆಯ ಬೆಲೆ ದುಡಿಮೆ. ಕಾಸಿಲ್ಲದವನು ಸೇನೆಯ ಕಾರ್ಯಾಗಾರದಲ್ಲಿ ಕೆಲಸ ಮಾಡಿ ಅನ್ನವನ್ನು ಪಡೆಯಬೇಕು. ಇಲ್ಲಿ ತೊಡಕು ಉಂಟಾಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಹ್ಯಾನ್‌ಬರಿ ಬೀದಿಯ ಮರಗೆಲಸದ ಕಾರ್ಯಾಗಾರ ನ್ಯಾಯವಾದ ಕೂಲಿಯನ್ನು ಕೊಡದೆ ಹೊರಗಿನ ಬಡಗಿಗಳ ಹೊಟ್ಟೆಯ ಮೇಲೆ ಹೊಡೆಯುತ್ತಿದೆಯೆಂದು ಬಡಗಿಗಳ ಕಾರ್ಮಿಕಸಂಘ ಆಕ್ಷೇಪಿಸಿತು. ಒಬ್ಬ ನಿರುದ್ಯೋಗಿಯನ್ನು ಎತ್ತುವ ಕೈ ಇನ್ನೊಬ್ಬನನ್ನು ಕೆಡಹುವುದಾದರೆ ಅದು ದಾನದ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ.

ಮೂರನೆಯ ಬೆಲೆ ಕಥೆ. ರಾತ್ರಿಯ ತಂಗುದಾಣದಲ್ಲಿ ಪ್ರಾರ್ಥನಾಸಭೆಯೂ ಕಾರ್ಯಕ್ರಮದ ಒಂದು ಅಂಗವಾಗಿತ್ತು; ಅಲ್ಲಿ ಪಾಪಿಯು ಎದ್ದುನಿಂತು ತನ್ನ ಹಿಂದಿನ ಬಾಳನ್ನು ಹೇಳಿಕೊಳ್ಳುವುದು ಸೇನೆಯ ಪದ್ಧತಿ. ಇದರ ಒಳಗುಟ್ಟನ್ನು ಕಂಡವನು ಷಾ. ‘ಮೇಜರ್ ಬಾರ್ಬರಾ’ದ ಎರಡನೆಯ ಅಂಕ ವೆಸ್ಟ್ ಹ್ಯಾಮಿನ ತಂಗುದಾಣದಲ್ಲಿ ನಡೆಯುತ್ತದೆ. ಸ್ನಾಬಿ ಪ್ರೈಸ್ ಎಂಬ ಕುಶಲಕರ್ಮಿ ತಾನು ತಾಯಿಯನ್ನು ಹೊಡೆಯುತ್ತಿದ್ದ ಮಹಾಪಾಪಿಯೆಂದು ಸಭೆಯಲ್ಲಿ ಹೇಳಿಕೊಳ್ಳುತ್ತಾನೆ. ನಿಜವಾಗಿ ಹೊಡೆಯುತ್ತಿದ್ದವಳು ತಾಯಿ. ಹೆಂಗಸರು ತಮ್ಮ ಪಾಪಗಳನ್ನು ಗುಟ್ಟಾಗಿ ಹೇಳಬೇಕಾದ್ದರಿಂದ ಗಂಡಸರಿಗೆ ಸಿಗುವ ಮೆಚ್ಚುಗೆ ತಮಗೆ ಸಿಗದೆಂದು ರಮ್ಮಿ ಮಿಚೆನ್ಸ್ ಗೊಣಗುತ್ತಾಳೆ. ಇವರ ನಡುವೆ, ಸುಳ್ಳನ್ನರಿಯದ ಪೀಟರ್ ಷರ್ಲಿ, 46 ವರ್ಷಕ್ಕೇ ಮುದುಕನೆಂದು ಕೆಲಸದಿಂದ ತೆಗೆಯಲ್ಪಟ್ಟವನು, ಕೊಟ್ಟ ರೊಟ್ಟಿಯನ್ನು ನುಂಗಲಾರದೆ ಕುಳಿತಿರುತ್ತಾನೆ. ನದಿಯ ದಂಡೆಯ ಹೇಳಿಕೆಗಳ ಪಕ್ಕದಲ್ಲಿ ಈ ದೃಶ್ಯವನ್ನು ಇಟ್ಟು ಓದಿದರೆ ಬೂತನ ಗ್ರಂಥವು ತಾನೇ ಅರಿಯದ ಒಂದು ಸತ್ಯ ಹೊರಬೀಳುತ್ತದೆ. ಅನ್ನಕ್ಕೆ ಕಥೆ ಬೆಲೆಯಾದೊಡನೆ ಕಥೆ ಕೆಡುತ್ತದೆ, ಹೇಳುವವನೂ ಕೆಡುತ್ತಾನೆ, ಪ್ರಾಮಾಣಿಕನು ಮಾತ್ರ ಹಸಿದು ಉಳಿಯುತ್ತಾನೆ.

ಆದರೆ ವಿಮರ್ಶಕರು ನಾಟಕದಲ್ಲಿ ಹಿಡಿದು ಚರ್ಚಿಸಿರುವುದು ಬಹುಮಟ್ಟಿಗೆ ಬೇರೊಂದು ಸಂಗತಿಯನ್ನು. ವಿಸ್ಕಿ ತಯಾರಕ ಬಾಡ್ಜರನ 5000 ಪೌಂಡನ್ನೂ ತನ್ನ ತಂದೆಯಾದ ಫಿರಂಗಿ ವ್ಯಾಪಾರಿ ಅಂಡರ್‌ಷಾಫ್ಟನ 5000 ಪೌಂಡನ್ನೂ ಸೇನೆ ಸ್ವೀಕರಿಸಿದಾಗ ಬಾರ್ಬರಾಳ ಮನಸ್ಸು ಒಡೆಯುತ್ತದೆ. ಹೊಡೆದ ತಪ್ಪಿಗೆ ಬಿಲ್ ವಾಕರ್ ನೀಡಬಂದ ಒಂದು ಪೌಂಡನ್ನು ತಿರಸ್ಕರಿಸಿದ ಸಂಸ್ಥೆ ಹತ್ತು ಸಾವಿರಕ್ಕೆ ತಲೆಬಾಗುತ್ತದೆ. ವ್ಯಂಗ್ಯ ತೀಕ್ಷ್ಣವಾಗಿದೆ. ಸಮಾಜದ ಹಣವೆಲ್ಲವೂ ಕಳಂಕಿತವೇ, ಒಂದನ್ನು ಆರಿಸಿ ತಿರಸ್ಕರಿಸುವುದು ಆತ್ಮವಂಚನೆ ಎಂದು ಷಾ ಪೀಠಿಕೆಯಲ್ಲಿ ವಾದಿಸುತ್ತಾನೆ. ಈ ವಾದಕ್ಕೆ ಬಲವಿದೆ. ಆದರೆ ದಾನಿಯ ಕೈ ಶುದ್ಧವೆ ಎಂಬ ಪ್ರಶ್ನೆಯಲ್ಲಿ ಮಗ್ನನಾದ ನಾಟಕಕಾರನು ಪಡೆಯುವವನಿಂದ ವಸೂಲಾಗುವ ಬೆಲೆಯ ಪ್ರಶ್ನೆಯನ್ನು ಎರಡನೆಯ ಅಂಕದಲ್ಲಿಯೇ ಬಿಟ್ಟುಬಿಡುತ್ತಾನೆ. ಮೂರನೆಯ ಅಂಕದ ಮಾದರಿ ಕಾರ್ಖಾನೆಯಲ್ಲಿ ಸಂಬಳ, ಮನೆ, ಪುಸ್ತಕಾಲಯ ಎಲ್ಲವೂ ಉಂಟು. ಕೆಲಸಗಾರನ ಮಾತು ಮಾತ್ರ ವಾದದ ಗದ್ದಲದಲ್ಲಿ ಕೇಳಿಸದು. ಬೂತನ ಕುದುರೆ ಇಲ್ಲಿ ಹೆಚ್ಚು ಒಳ್ಳೆಯ ಲಾಯಕ್ಕೆ ಬಂದಿದೆ, ಅಷ್ಟೆ.

ಷಾ ಬಳಸಿಕೊಳ್ಳದ ಒಂದು ನಿಜವಾದ ಕಾರ್ಖಾನೆ ಸೇನೆಯ ಚರಿತ್ರೆಯಲ್ಲಿಯೇ ಇದೆ. ಆ ಕಾಲದ ಬೆಂಕಿಕಡ್ಡಿ ಉದ್ಯಮದಲ್ಲಿ ಬಿಳಿ ರಂಜಕದ ಹೊಗೆಯಿಂದ ಕೆಲಸಗಾರರ ದವಡೆಯ ಎಲುಬು ಕೊಳೆಯುತ್ತಿತ್ತು. 1888ರಲ್ಲಿ ಬ್ರ್ಯಾಂಟ್ ಅಂಡ್ ಮೇ ಕಾರ್ಖಾನೆಯ ಹೆಂಗಸರೂ ಹುಡುಗಿಯರೂ ಮುಷ್ಕರ ಹೂಡಿದ್ದರು. 1891ರಲ್ಲಿ ಸೇನೆ ಪೂರ್ವ ಲಂಡನ್ನಿನಲ್ಲಿ ತನ್ನದೇ ಕಾರ್ಖಾನೆಯನ್ನು ತೆರೆದು, ಅಪಾಯವಿಲ್ಲದ ಕೆಂಪು ರಂಜಕವನ್ನು ಮಾತ್ರ ಬಳಸಿ, 144 ಪೆಟ್ಟಿಗೆಗಳ ಒಂದು ಗ್ರೋಸಿಗೆ 4 ಪೆನ್ನಿ ಕೂಲಿ ಕೊಟ್ಟಿತು. ಇತರ ಕಡೆ ಎರಡೂವರೆ ಪೆನ್ನಿಯ ಆಸುಪಾಸಿನಲ್ಲಿತ್ತು. ಆದ್ದರಿಂದ ಸೇನೆಯ ಬೆಂಕಿಪೆಟ್ಟಿಗೆ ತುಸು ದುಬಾರಿ. ಇಲ್ಲಿ ಬೆಲೆಯನ್ನು ಕೇಳಿದ್ದು ಬಡವರಿಂದಲ್ಲ, ಕೊಳ್ಳುವವರಿಂದ. ನಿಮ್ಮ ಒಲೆಯನ್ನು ಹೊತ್ತಿಸುವ ಕಡ್ಡಿ ಯಾರ ದವಡೆಯನ್ನು ತಿಂದು ಬಂದಿದೆ ಎಂದು ಮನೆಮನೆಯ ಗೃಹಿಣಿಯನ್ನು ಕೇಳುವ ದಾನ ಇದು. ವ್ಯಾಪಾರವಾಗಿ ಅದು ನಿಲ್ಲಲಿಲ್ಲ. ದಶಕವೊಂದು ಕಳೆಯುವಷ್ಟರಲ್ಲಿ ಕೊನೆಗೊಂಡಿತು. ಆದರೆ 1901ರಲ್ಲಿ ಬ್ರ್ಯಾಂಟ್ ಅಂಡ್ ಮೇ ಬಿಳಿ ರಂಜಕವನ್ನು ಕೈಬಿಟ್ಟಿತು. 1908ರ ಶಾಸನ ಅದನ್ನು ದೇಶದಲ್ಲಿಯೇ ನಿಷೇಧಿಸಿತು. ಇದೆಲ್ಲವೂ ಸೇನೆಯೊಂದರ ಪ್ರಭಾವವೆನ್ನಲಾಗದು. ಮುಷ್ಕರ ಹೂಡಿದ ಹುಡುಗಿಯರ ಪಾಲು ಅದರಲ್ಲಿ ಮೊದಲಿನದು. ಆದರೂ ಸುರಕ್ಷಿತವಾದ ಕಡ್ಡಿಯನ್ನು ಹೆಚ್ಚು ಕೂಲಿ ಕೊಟ್ಟು ತಯಾರಿಸಬಹುದೆಂಬುದನ್ನು ವಾದದಿಂದಲ್ಲದೆ ವಸ್ತುವಿನಿಂದಲೇ ತೋರಿಸಿದ ಶ್ರೇಯಸ್ಸು ಸೇನೆಗೆ ಸಲ್ಲುತ್ತದೆ.

ಗ್ರಂಥ ಪ್ರಕಟವಾದೊಡನೆ ಅದನ್ನು ಎದುರಿಸಿದವರಲ್ಲಿ ಅಗ್ರಗಣ್ಯನು ವಿಜ್ಞಾನಿ ಹಕ್ಸ್‌ಲಿ. 1890ರ ಡಿಸೆಂಬರಿನಿಂದ ‘ಟೈಮ್ಸ್’ ಪತ್ರಿಕೆಗೆ ಬರೆದ ಪತ್ರಗಳಲ್ಲಿ ಅವನು ಹಣಕ್ಕಿಂತ ಮುಖ್ಯವಾಗಿ ಅಧಿಕಾರದ ಪ್ರಶ್ನೆಯನ್ನು ಎತ್ತಿದನು: ಒಬ್ಬನೇ ಸೇನಾಪತಿಯ ಅಪ್ಪಣೆಗೆ ಪ್ರಶ್ನೆಯಿಲ್ಲದೆ ತಲೆಬಾಗುವ ಸಂಘಕ್ಕೆ ಸಾರ್ವಜನಿಕರು ಇಷ್ಟು ಬಲವನ್ನು ಒಪ್ಪಿಸುವುದು ಯುಕ್ತವೆ? ಹಣದ ಮಟ್ಟಿಗೆ 1892ರ ವಿಚಾರಣಾಸಮಿತಿ ದುರುಪಯೋಗವಾಗಿಲ್ಲವೆಂದು ಹೇಳಿತು. ಅಧಿಕಾರದ ಪ್ರಶ್ನೆಗೆ ಉತ್ತರ ದೊರೆಯಲು ನಾಲ್ವತ್ತು ವರ್ಷ ಬೇಕಾಯಿತು. 1929ರಲ್ಲಿ ಸೇನೆಯ ಉನ್ನತ ಮಂಡಲಿ ಸ್ಥಾಪಕನ ಮಗನಾದ ಬ್ರಾಮ್‌ವೆಲ್ ಬೂತನನ್ನು ಪದಚ್ಯುತಗೊಳಿಸಿತು. 1931ರ ಶಾಸನವು ಸೇನಾಪತಿ ತನ್ನ ಉತ್ತರಾಧಿಕಾರಿಯನ್ನು ತಾನೇ ನೇಮಿಸುವ ಪದ್ಧತಿಗೆ ಕೊನೆ ಹಾಡಿತು. ಹಕ್ಸ್‌ಲಿಯ ಭಾಷೆ ಕಟುವಾಗಿದ್ದರೂ ಅವನ ಶಂಕೆ ನಿರಾಧಾರವಾಗಿರಲಿಲ್ಲವೆಂದು ಇದರಿಂದ ವ್ಯಕ್ತವಾಗುತ್ತದೆ.

ಆ ಶಂಕೆಯ ಕರಾಳ ಸಮರ್ಥನೆ ದೊರೆತದ್ದು ಲಂಡನ್ನಿನಲ್ಲಲ್ಲ, ನಮ್ಮ ದೇಶದಲ್ಲಿ. ಸಿವಿಲ್ ಸರ್ವಿಸಿನ ಹುದ್ದೆಯನ್ನು ತೊರೆದ ಫ್ರೆಡರಿಕ್ ಟಕರ್ 1882ರಲ್ಲಿ ಸೇನೆಯ ಮೊದಲ ತಂಡದೊಡನೆ ಮುಂಬಯಿಗೆ ಬಂದು, ಫಕೀರ್ ಸಿಂಗ್ ಎಂಬ ಹೆಸರನ್ನೂ ಇಲ್ಲಿಯ ಉಡುಪನ್ನೂ ಧರಿಸಿದನು. ಅವನ ತ್ಯಾಗ ಸಂದೇಹಾತೀತವಾದುದು. ಆದರೆ 1908ರಿಂದ ಸೇನೆ ಸರಕಾರದ ಪರವಾಗಿ, ‘ಅಪರಾಧಿ ಬುಡಕಟ್ಟು’ಗಳೆಂದು ಕಾನೂನು ಮುದ್ರೆಯೊತ್ತಿದ ಜನರ ವಸಾಹತುಗಳನ್ನು ನಡೆಸತೊಡಗಿತು. ಲಂಡನ್ನಿನ ದರ್ಜಿ 4 ಪೆನ್ನಿ ಕೊಟ್ಟು ಒಳಬಂದು ಬೆಳಗಾದೊಡನೆ ಹೊರನಡೆಯಬಹುದಾಗಿತ್ತು. ಈ ವಸಾಹತಿನವರು ಅಪ್ಪಣೆಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಅಲ್ಲಿ ಕೇಳಿದ ಬೆಲೆ ಸ್ವಾತಂತ್ರ್ಯವೇ. ಆಹಾರ, ಆಶ್ರಯ, ದುಡಿಮೆ, ಬೋಧನೆ ಎಲ್ಲವೂ ಲಂಡನ್ನಿನಲ್ಲಿದ್ದಂತೆಯೇ. ತೆರೆದ ಬಾಗಿಲೊಂದು ಇಲ್ಲದಾದುದರಿಂದ ಸೇವೆ ಕಾವಲಾಗಿ ಮಾರ್ಪಟ್ಟಿತು.

ಬೂತ್ 1912ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಇಂಗ್ಲೆಂಡಿನಲ್ಲಿ 1908ರ ವೃದ್ಧಾಪ್ಯ ವೇತನ, 1909ರ ಸರಕಾರಿ ಉದ್ಯೋಗ ಕಚೇರಿಗಳು, 1911ರ ರಾಷ್ಟ್ರೀಯ ವಿಮೆ ಬಂದಿದ್ದವು. ದಾನವಾಗಿದ್ದುದರ ಒಂದಂಶ ಹಕ್ಕಾಯಿತು. ಪೀಟರ್ ಷರ್ಲಿಗೆ ಬೇಕಾಗಿದ್ದುದು ಇದೇ. ಆದರೂ ಸೇನೆಯ ಕೆಲಸ ಮುಗಿಯಲಿಲ್ಲ. ಎಸೆಕ್ಸಿನ ಹ್ಯಾಡ್ಲಿಯಲ್ಲಿ 1891ರಲ್ಲಿ ತೆರೆದ ವ್ಯವಸಾಯದ ವಸತಿ ಇಂದಿಗೂ ಅದರ ಆಡಳಿತದಲ್ಲಿದೆ, ಲಂಡನ್ನಿನಲ್ಲಿ ವಸತಿಹೀನರ ತಂಗುದಾಣಗಳೂ ಇವೆ. ಹಕ್ಕಿನ ಜಾಲದಲ್ಲಿ ತೂತುಗಳಿರುವವರೆಗೆ ದಾನಕ್ಕೆ ಕೆಲಸವಿರುತ್ತದೆ.

ಈ ಕಾರಣದಿಂದ ‘ಮೇಜರ್ ಬಾರ್ಬರಾ’ವನ್ನು ಪಾಠ ಹೇಳುವ ಅಧ್ಯಾಪಕರು ಬೂತನ ಗ್ರಂಥದ ನದೀದಂಡೆಯ ಪುಟಗಳನ್ನು ಮೊದಲು ಓದಿಸಿ, ಅನಂತರ ಎರಡನೆಯ ಅಂಕಕ್ಕೆ ಬರುವುದು ಲೇಸು. ಕಳಂಕಿತವಾದ ಹಣದ ಚರ್ಚೆ ತರಗತಿಯಲ್ಲಿ ಸುಲಭವಾಗಿ ಏಳುತ್ತದೆ. ಏಕೆಂದರೆ ನಾವೆಲ್ಲರೂ ನಮ್ಮನ್ನು ದಾನಿಗಳ ಸ್ಥಾನದಲ್ಲಿ ಕಲ್ಪಿಸಿಕೊಳ್ಳುತ್ತೇವೆ. ಸಂಖ್ಯೆ ಮಾತ್ರವಾಗಿ ಉಳಿದ ಆ ದರ್ಜಿಯ ಸ್ಥಾನದಲ್ಲಿ ನಿಂತು ಎರಡು ಕೃತಿಗಳನ್ನೂ ಓದುವುದು ಅದಕ್ಕಿಂತ ಕಷ್ಟವಾದುದು. ವಿದ್ಯಾರ್ಥಿಗಳಿಂದ ನಿರೀಕ್ಷಿಸಬೇಕಾದುದು ಆ ಓದನ್ನೇ.